ಕರಿಯನ ಜ್ವರವೂ ಎರಡು ಮನೆಯ ಕಷಾಯವೂ

ನಮ್ಮ ತವರಿನಲ್ಲಿ ಪಾಲಾದಾಗ ನಾಯಿಗಳನ್ನೂ ಪಾಲು ಮಾಡಿದರು ಎಂದರೆ ಕೇಳಿದವರು ನಗುತ್ತಾರೆ. ಸುಳ್ಳಲ್ಲ, ಆ ದಿನ ಪಡಸಾಲೆಯಲ್ಲಿ ನಾನೂ ಕೂತಿದ್ದೆ.

ಶಿವನಿಯಿಂದ ಒಂದಷ್ಟು ಒಳಗೆ ಹೋದರೆ ನಮ್ಮ ಊರು. ತೆಂಗಿನ ತೋಟ, ಈರುಳ್ಳಿ ಬೆಳೆಯುವ ಒಂದಿಷ್ಟು ಹೊಲ. ನನಗೆ ಇಬ್ಬರು ತಮ್ಮಂದಿರು. ತೋಟ, ಹೊಲ, ಹಂಡೆ, ಕೊಪ್ಪರಿಗೆ ಎಲ್ಲ ಇತ್ಯರ್ಥವಾದ ಮೇಲೆ, ಪಂಚಾಯ್ತಿಗೆ ಬಂದಿದ್ದ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, "ನಾಯಿ ಯಾರ ಕಡೀಗೆ ಹಾಕಾನ್ರಪ್ಪಾ?" ಎಂದರು. ಅಂದದ್ದು ತಮಾಷೆಗೇ. ಆದರೆ ಆವತ್ತು ತಮ್ಮಂದಿರಿಬ್ಬರಿಗೂ ತಮಾಷೆ ಕಿವಿಗೆ ಬೀಳುವ ಹಾಗಿರಲಿಲ್ಲ.

"ಕರಿಯ ನಂಗಿರ್ಲಿ" ಎಂದ ದೊಡ್ಡವನು.

"ಹಂಗಾದ್ರೆ ಕೆಂದ ನಂಗೆ" ಎಂದ ಚಿಕ್ಕವನು.

ಅವು ಒಂದೇ ತಾಯಿಯ ಮರಿಗಳು. ಹೊಲಕ್ಕೆ ಗೊಬ್ಬರವಾಗಲಿ ಎಂದು ಕುರಿಮಂದೆ ನಿಲ್ಲಿಸಿದ್ದಾಗ ಕುರಿಗಾರರ ನಾಯಿ ಅಲ್ಲೇ ಮರಿ ಹಾಕಿತ್ತು. ಮಂದೆ ಮುಂದಿನೂರಿಗೆ ಹೊರಟಾಗ ಎರಡು ಮರಿ ನಮ್ಮಲ್ಲೇ ಉಳಿದವು. ಹೆಸರು ಎಂದು ಯಾರೂ ಇಡಲಿಲ್ಲ. ಮೈಬಣ್ಣ ಹಿಡಿದು ಕರಿಯ, ಕೆಂದ ಎಂದು ಕೂಗುವುದು, ಅಷ್ಟೆ.

ಪಾಲಿನ ನಂತರ ಮನೆಯ ನಡುವೆ ಗೋಡೆ ಬಂತು, ಹಿತ್ತಲಿಗೆ ಬೇಲಿ ಬಂತು. ಜಗಳವೇನೂ ಆಗಿರಲಿಲ್ಲ. ಮಾತು ಕಡಿಮೆಯಾಗಿತ್ತು. ಜಗಳವಾದರೆ ನಡುವೆ ನಿಂತು ಬಿಡಿಸಬಹುದು. ಮಾತು ಕಡಿಮೆಯಾದದ್ದಕ್ಕೆ ನನ್ನಂಥ ಹೊರಗೆ ಕೊಟ್ಟ ಅಕ್ಕ ಏನು ಮಾಡಿಯಾಳು? ಹಬ್ಬಕ್ಕೆ ಹೋದರೆ ಬೆಳಗಿನ ಕಾಫಿ ಆ ಮನೆಯಲ್ಲಿ, ಊಟ ಈ ಮನೆಯಲ್ಲಿ ಎಂದು ಹೊಟ್ಟೆಯನ್ನೂ ಪಾಲು ಮಾಡಿಕೊಂಡು ಬರುತ್ತಿದ್ದೆ. ದೊಡ್ಡ ತಮ್ಮನಿಗಂತೂ ಕರಿಯನೇ ಎಲ್ಲ. ಕಾಯಿ ಕೀಳಿಸುವಾಗ, ನೀರು ಕಟ್ಟುವಾಗ ಅದರ ಜೊತೆ ಒಂದೇ ಸಮನೆ ಮಾತು. "ಅತ್ತಿಗೆ, ಇವರ ಮನಸ್ನಾಗಿರೋದು ನಂಗಿಂತ ಆ ನಾಯಿಗೇ ಜಾಸ್ತಿ ಗೊತ್ತು" ಎಂದು ಅವನ ಹೆಂಡತಿ ನನ್ನೆದುರು ನಗುತ್ತಿದ್ದಳು. ನಗುತ್ತಿದ್ದರೂ ಅದರಲ್ಲಿ ಒಂದು ದೂರು ಇತ್ತು.

ಒಂದು ಬೆಳಿಗ್ಗೆ ದೊಡ್ಡ ತಮ್ಮನ ಫೋನು. "ಅಕ್ಕಾ, ಕರಿಯ ಮುದ್ದೆ ಮೂಸೂ ನೋಡ್ತಿಲ್ಲ ಕಣೇ. ಮಗಳು ಊರಿಗೆ ಬಂದವಳೆ ಅಂದ್ಯಲ್ಲ, ಕರ್ಕಂಡ್ ಬಂದ್ಬಿಡು."

ನನ್ನ ಮಗಳು ಪಶುವೈದ್ಯ ಮುಗಿಸಿ ಇನ್ನೂ ಮುಂದಕ್ಕೆ ಓದುತ್ತಿದ್ದಾಳೆ. ಏನು ಓದುತ್ತೀಯೇ ಎಂದರೆ, ಉಣುಗು ಕಚ್ಚಿ ನಾಯಿಗೆ ಬರುವ ಜ್ವರ, ಅದರಲ್ಲಿ ಮೈಕ್ರೋ ಆರ್‌ಎನ್‌ಎ ಎಂಬುದರ ಪಾತ್ರ ಎನ್ನುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಯಾರಾದರೂ ಕೇಳಿದರೆ "ನಾಯಿ ರಕ್ತದ ಮೇಲೆ ಓದ್ತಾಳೆ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಅವಳನ್ನು ಎಬ್ಬಿಸಿಕೊಂಡು ಅಜ್ಜಂಪುರದಿಂದ ಬಸ್ಸು ಹತ್ತಿದೆ.

ಕರಿಯ ನೀರಿನ ತೊಟ್ಟಿಯ ಪಕ್ಕ ತಂಪಿಗೆ ಮಲಗಿತ್ತು. ನನ್ನನ್ನು ಕಂಡರೆ ಮೈಮೇಲೆ ಹಾರಿ ಸೀರೆ ಕೆಸರು ಮಾಡುವ ನಾಯಿ, ಬಾಲದ ತುದಿಯನ್ನಷ್ಟೇ ಅಲುಗಿಸಿತು. ಮಗಳು ಅದರ ತುಟಿ ಎತ್ತಿ ನೋಡಿದಳು. ಒಸಡು ಎಳನೀರಿನ ಗಂಜಿಯ ಹಾಗೆ ಬೆಳ್ಳಗಿತ್ತು. ಕಿವಿ ಮಗುಚಿದಳು. ಮಡಿಕೆಯೊಳಗೆ ಹರಳುಬೀಜದಂಥ ಉಣುಗುಗಳು ಸಾಲಾಗಿ ಕಚ್ಚಿಕೊಂಡಿದ್ದವು. ಉಚ್ಚೆ ಯಾವ ಬಣ್ಣ ಎಂದು ಕೇಳಿದಳು.

"ಡಿಕಾಕ್ಷನ್ ಹಂಗೈತೆ ಕಣಮ್ಮಾ" ಎಂದಳು ದೊಡ್ಡ ತಮ್ಮನ ಹೆಂಡತಿ.

"ಉಣುಗು ಜ್ವರ ಇರ್ಬೇಕು ಮಾವ. ಈಗ್ಲೇ ಆಸ್ಪತ್ರೆಗೆ ಹೋಗೋಣ."

ದೊಡ್ಡ ತಮ್ಮ ಒಪ್ಪಲಿಲ್ಲ. "ಉಣುಗು ಯಾವ್ ನಾಯಿಗಿಲ್ವೇ? ಅಕ್ಕಾ, ಇದು ಜ್ವರ ಅಲ್ಲ. ಬೇಲಿ ಆಚೆಯಿಂದ ಏನೋ ಹಾಕವರೆ. ನಾನೇ ಕಣ್ಣಾರೆ ನೋಡಿದೀನಿ, ಆಯಮ್ಮ ಸಂದೀಲಿ ಬಟ್ಟಲು ತೂರ್ಸಾದ" ಎಂದ. ಮೆಲ್ಲಗೇನೂ ಹೇಳಲಿಲ್ಲ.

ಬೇಲಿಯಾಚೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು, ನಿಂತುಹೋಯಿತು. ಕಲ್ಲಿನ ಮುಂದೆ ಇದ್ದವಳು ಚಿಕ್ಕ ತಮ್ಮನ ಹೆಂಡತಿ.

ಕಡಿಮೆಯಾದ ಮಾತು ಮತ್ತೆ ಯಾವತ್ತಾದರೂ ಹೆಚ್ಚಾದೀತು ಎಂದು ಕಾಯುತ್ತಿದ್ದವಳು ನಾನು. ವಿಷ ಹಾಕಿದಳು ಎಂಬ ಮಾತು ಒಮ್ಮೆ ನಾಲಿಗೆ ದಾಟಿದರೆ ಅದರ ಮೇಲೆ ಯಾವ ಮಾತು ತಾನೇ ಬೆಳೆದೀತು? ನಾಯಿ ಸತ್ತರೆ ಆ ಮಾತು ಈ ಎರಡು ಮನೆಗೂ ಖಾಯಂ ಆಗುತ್ತದೆ, ಅದು ನನಗೆ ಅಲ್ಲೇ ಗೊತ್ತಾಯಿತು. "ಬಾಯ್ ಮುಚ್ಚಲೋ, ಮೊದ್ಲು ನಾಯಿ ಎತ್ತು" ಎಂದು ಗದರಿದೆ.

ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಕರಿಯನನ್ನು ಮಲಗಿಸಿದೆವು. ದೊಡ್ಡ ತಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರದವರೆಗೂ ನೊಣ ಓಡಿಸುತ್ತಾ ಕೂತ. ಪಶು ಆಸ್ಪತ್ರೆಯ ಡಾಕ್ಟರು ರಕ್ತದ ಒಂದು ಹನಿಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ತಿಳಿಗುಲಾಬಿ ಬಣ್ಣದ ದುಂಡನೆಯ ಬಿಲ್ಲೆಗಳು. ಕೆಲವು ಬಿಲ್ಲೆಗಳೊಳಗೆ ಸೂಜಿಮೊನೆಯಿಂದ ಚುಚ್ಚಿದಂತೆ ಕಡುಬಣ್ಣದ ಚುಕ್ಕೆ.

"ಆ ಚುಕ್ಕೆನೇ ರೋಗದ ಜೀವಿ ಕಣಮ್ಮಾ. ಉಣುಗು ಕಚ್ಚಿದಾಗ ಒಳಗೆ ಹೋಗುತ್ತೆ, ಕೆಂಪು ಕಣದೊಳಗೆ ಸೇರ್ಕೊಂಡು ಅಲ್ಲೇ ಬೆಳೆಯುತ್ತೆ. ವಿಷ ಗಿಷ ಏನೂ ಅಲ್ಲ" ಎಂದರು.

ದೊಡ್ಡ ತಮ್ಮನೂ ಇಣುಕಿ ನೋಡಿದ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೂರು ಬಗೆಯ ಮಾತ್ರೆ ಬರೆದು, ಯಾವುದು ಯಾತಕ್ಕೆ ಎಂದು ಅವನಿಗೇ ಬಿಡಿಸಿ ಹೇಳಿದರು. ಈರುಳ್ಳಿ ಹಾಕಿದ ಸಾರು ನಾಯಿಗೆ ಕೊಡಲೇಬೇಡಿ, ಅದೂ ರಕ್ತ ಒಡೆಯುತ್ತದೆ ಎಂದೂ ಸೇರಿಸಿದರು. "ನಮ್ ಸೀಮೇಲಿ ಈರುಳ್ಳಿ ಇಲ್ದಿರೋ ಸಾರಾ?" ಎಂದು ಆಟೋದವನು ಹೊರಗಿನಿಂದಲೇ ನಕ್ಕ.

ಅವತ್ತು ಸಂಜೆ ಮಗಳು ಕೆಂದನ ರಕ್ತವನ್ನೂ ಕೇಳಿದಳು. ಚಿಕ್ಕ ತಮ್ಮ ಹಗ್ಗ ಹಿಡಿದು ತಂದ. ಕೆಂದನೋ, ಸೂಜಿ ಚುಚ್ಚಿದರೂ ಅವಳ ಮುಖ ನೆಕ್ಕುತ್ತಾ ನಿಂತಿತ್ತು.

"ಚೆನ್ನಾಗಿರೋ ನಾಯಿ ರಕ್ತ ತಗಂಡು ಏನ್ ಮಾಡ್ತೀಯೇ?" ಎಂದ ದೊಡ್ಡವನು.

"ಒಂದೇ ತಾಯಿ ಮರಿ, ಒಂದೇ ಹಿತ್ತಲು, ಅದೇ ಉಣುಗು. ಒಂದು ಮಲಗಿದೆ, ಇನ್ನೊಂದು ಕುಣೀತಿದೆ. ಯಾಕೆ ಅಂತ ತಿಳ್ಕೊಳ್ಳೋದೇ ನನ್ನ ಓದು ಮಾವ" ಎಂದಳು. ಎರಡೂ ರಕ್ತದ ಸಣ್ಣ ಕೊಳವೆಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಮರುದಿನವೇ ಕಾಲೇಜಿಗೆ ಹೊರಟುಹೋದಳು.

ಮೊದಲು ಕರಿಯ ಸುಧಾರಿಸಿದಂತೆ ಕಂಡಿತು. ಎದ್ದು ನೀರು ಕುಡಿಯಿತಂತೆ. ಆಮೇಲೆ ಮತ್ತೆ ಕುಸಿಯಿತು. ಮಗಳು ವಾರದ ಕೊನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ "ಹೊರಡು" ಎಂದಳು.

ನಾವು ಹೋಗುವಾಗ ಹಿತ್ತಲಿನಲ್ಲಿ ಇಬ್ಬರು ತಮ್ಮಂದಿರೂ ಇದ್ದರು, ಒಬ್ಬ ಬೇಲಿಯ ಈಚೆ, ಒಬ್ಬ ಆಚೆ. ಮಗಳು ಕರಿಯನ ಒಸಡು ನೋಡಿ, ಎದೆಯ ಮೇಲೆ ಕೈಯಿಟ್ಟು, ಎದ್ದು ನಿಂತಳು. ಕಾಲೇಜಿನ ಪರೀಕ್ಷೆಯಲ್ಲಿ ಕೆಂದನ ರಕ್ತದಲ್ಲೂ ಅದೇ ಜೀವಿ ಸಿಕ್ಕಿದೆ, ಆದರೆ ತುಂಬಾ ಕಡಿಮೆ ಎಂದಳು.

"ನೋಡಿದ್ಯಾ ಅಕ್ಕಾ! ಆ ನಾಯಿಯಿಂದ್ಲೇ ಬಂದಿರಾದು!" ಎಂದ ದೊಡ್ಡವನು.

"ನಮ್ ಕೆಂದ ನಿನ್ ನಾಯಿಗೆ ಏನ್ ಮಾಡ್ತಣ್ಣ? ಅದೂ ಅದೇ ಉಣುಗು ಕಚ್ಚಿಸ್ಕಂಡೈತೆ. ನಿಂಗೆ ನಮ್ ಮನೆ ಮ್ಯಾಲೆ ಏನಾದ್ರೂ ಒಂದು ಹಾಕ್ಬೇಕು ಅಷ್ಟೇ."

"ಮಾವ, ಇಬ್ರೂ ಸುಮ್ನಿರಿ" ಎಂದಳು ಮಗಳು. "ಯಾವ ನಾಯಿಗೆ ಮೊದ್ಲು ಬಂತೋ ದೇವ್ರಿಗೇ ಗೊತ್ತು. ಉಣುಗು ಬೇಲಿ ನೋಡಲ್ಲ. ನಂಗೆ ಬೇಕಾಗಿರೋದು ಬೇರೆ. ಡಾಕ್ಟ್ರು ಕೊಟ್ಟ ಮಾತ್ರೆ ತೋರ್ಸಿ."

ದೊಡ್ಡವನ ಹೆಂಡತಿ ಗೂಡಿನಿಂದ ಮಾತ್ರೆ ತಂದಳು. ಎರಡು ಬಗೆ ಖರ್ಚಾಗಿದ್ದವು. ಚಿಕ್ಕ ಬಿಳಿ ಮಾತ್ರೆಯ ಪಟ್ಟಿ ಮಾತ್ರ ಒಂದೂ ಒಡೆಯದೆ ಹಾಗೇ ಇತ್ತು.

"ಇದು ಯಾಕೆ ಕೊಟ್ಟಿಲ್ಲ?"

ದೊಡ್ಡ ತಮ್ಮ ಎದೆ ಉಬ್ಬಿಸಿಯೇ ಹೇಳಿದ. "ನಾನೇ ಬ್ಯಾಡ ಅಂದೆ. ಡಾಕ್ಟ್ರೇ ಹೇಳಿದ್ರಲ್ಲ, ಅದು ರೋಗ ನಿರೋಧಕ ಶಕ್ತಿ ತಗ್ಗಿಸಾದು ಅಂತ. ಜೀವ ಹಿಡ್ಕಂಡು ಹೋರಾಡ್ತಿರೋ ನಾಯಿ ಶಕ್ತಿ ತಗ್ಗಿಸ್ತಾರಾ ಯಾರಾದ್ರೂ? ಕೊರೋನಾದಾಗೆ ಅಷ್ಟ್ ಬಡ್ಕಂಡ್ರು, ಶಕ್ತಿ ಏರ್ಸ್ಕಳಿ ಏರ್ಸ್ಕಳಿ ಅಂತ. ಅದ್ಕೇ ಅಮೃತಬಳ್ಳಿ ಕಷಾಯ ಹಾಕ್ಸ್ತಿದೀನಿ. ಬೆಳಿಗ್ಗೆ ಒಂದ್ ಲೋಟ, ಸಂಜೆ ಒಂದ್ ಲೋಟ."

ನಗುವಂತಿಲ್ಲ, ಅಳುವಂತಿಲ್ಲ. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಬೇಲಿಯ ಮೇಲೆ ಅಮೃತಬಳ್ಳಿ ಉಳಿದಿರಲಿಲ್ಲ. ಮಕ್ಕಳಿಗೆ, ಮುದುಕರಿಗೆ, ಬಾಣಂತಿಯರಿಗೆ, ಮನೆಗೆ ಬಂದ ನೆಂಟರಿಗೆಲ್ಲ ಕಷಾಯವೇ. ರೋಗ ಹೋಯಿತು, ಆ ಪಾಠ ಮಾತ್ರ ಉಳಿದುಕೊಂಡಿತು. ಶಕ್ತಿ ಎಂದರೆ ಏರುವುದು ಒಳ್ಳೆಯದು, ಇಳಿಯುವುದು ಕೆಟ್ಟದ್ದು. ನನ್ನನ್ನು ಕೇಳಿದ್ದರೆ ನಾನೂ ಬಿಳಿ ಮಾತ್ರೆಯನ್ನು ಪಕ್ಕಕ್ಕಿಡು ಎಂದೇ ಹೇಳುತ್ತಿದ್ದೆನೋ ಏನೋ.

ಆಗ ಬೇಲಿಯಾಚೆಯಿಂದ ಒಂದು ದನಿ ಬಂತು. "ಅಕ್ಕಾ, ನಾನೂ ಕಷಾಯ ಹಾಕಿದೀನಿ."

ಚಿಕ್ಕ ತಮ್ಮನ ಹೆಂಡತಿ. ನಮ್ಮ ಕಡೆ ಗಂಡನ ಅಣ್ಣನಿಗೆ ನೇರ ಎದುರಾಗಿ ಮಾತಾಡುವ ವಾಡಿಕೆ ಕಡಿಮೆ, ಅದಕ್ಕೇ ಅವಳು ಭಾವನಿಗೆ ಹೇಳಬೇಕಾದ್ದನ್ನು ಓರಗಿತ್ತಿಗೆ ಹೇಳಿದಳು. "ಬಟ್ಟಲಾಗೆ ನಾನು ತೂರ್ಸಿದ್ದು ಅದೇ. ಕರಿಯ ಮಂಕಾಗಿದ್ದು ಮೊದ್ಲು ನಂಗೇ ಕಂಡಿದ್ದು. ಹೇಳಾನ ಅಂದ್ರೆ ಮಾತಿಲ್ಲ ಕತೆಯಿಲ್ಲ. ಅದ್ಕೇ ಬೆಲ್ಲ ಹಾಕಿ ಕಷಾಯ ಮಾಡಿ ಕುಡಿಸ್ತಿದ್ದೆ. ಇವತ್ತು ಬೆಳಿಗ್ಗೇನೂ ಕುಡಿಸಿದೀನಿ."

"ಅಯ್ಯೋ ನಿನ್ನ, ನಾನೂ ಬೆಲ್ಲ ಹಾಕೇ ಮಾಡಿದ್ದು ಕಣೇ!" ಎಂದಳು ಹಿರಿಯವಳು. "ಅತ್ತೆ ಮಾಡ್ತಿದ್ರಲ್ಲ, ಮೆಣಸು ಕುಟ್ಟಿ, ಹಂಗೆ."

"ನಾನೂ ಹಂಗೇ ಅಕ್ಕಾ."

ಎರಡು ಮನೆಯಿಂದಲೂ ಒಂದೇ ಕಷಾಯ, ಒಂದೇ ಹೊಟ್ಟೆಗೆ. ದೊಡ್ಡ ತಮ್ಮ ಕಾಯಿಸಿಪ್ಪೆಯ ರಾಶಿಯ ಕಡೆ ತಿರುಗಿ ನಿಂತ. ಅವನ ಕಿವಿ ಕೆಂಪಾಗಿತ್ತು. ಆದರೂ ಹಟ ಬಿಡಲಿಲ್ಲ. "ಹಂಗಾದ್ರೂ ಆ ಮಾತ್ರೆ ಕೊಡಲ್ಲ" ಎಂದ.

ಮಗಳು ಡಾಕ್ಟರಿಗೆ ಫೋನು ಮಾಡಿದಳು. ಅವರು ಆ ಕಡೆಯಿಂದ ಬೈದದ್ದು ನಮಗೂ ಕೇಳಿಸಿತು. ಕಷಾಯ ನಿಲ್ಲಿಸಿ, ಬಿಳಿ ಮಾತ್ರೆ ಇವತ್ತೇ ಶುರು ಮಾಡಿ ಎಂದರು. ದೊಡ್ಡವನು ಅದಕ್ಕೂ ಜಗ್ಗಲಿಲ್ಲ. ಅವನ ಹೆಂಡತಿ, "ಮೊದ್ಲು ಉಣ್ಣಿ, ಆಮ್ಯಾಲೆ ಕಿತ್ತಾಡಿ" ಎಂದು ಎಲೆ ಹಾಕಿಯೇಬಿಟ್ಟಳು. ಚಿಕ್ಕವನನ್ನೂ ನಾನೇ ಕರೆದೆ. "ನಂದಾಯ್ತು" ಎಂದು ಸುಳ್ಳು ಹೇಳಿ ಹೊಸಿಲ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಊಟದ ನಡುವೆ ದೊಡ್ಡವನು ಕೇಳಿದ. "ಅದೇನೋ ಮೈಕ್ರೋ ಅಂತೀಯಲ್ಲ, ಕನ್ನಡದಾಗೆ ಹೇಳೇ, ಕೇಳಾನ. ಕೆಂದಂಗೆ ಇರೋದು ನಮ್ ಕರಿಯಂಗೆ ಯಾಕಿಲ್ಲ?"

ಅವಳು ಜೀನು, ಪ್ರೋಟೀನು ಎಂದು ಶುರು ಮಾಡಿದಳು. ಮಾವನ ಮುಖ ನೋಡಿ ನಿಲ್ಲಿಸಿದಳು. ಅಷ್ಟರಲ್ಲಿ ದೊಡ್ಡ ತಮ್ಮನ ಹೆಂಡತಿ ಸಾರಿನ ಪಾತ್ರೆ ಹಿಡಿದು ಅವಳ ಮುಂದೆ ಬಗ್ಗಿದಳು. ಮಗಳು ಥಟ್ಟನೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಹಿಡಿದವಳು ಕೈ ತೆಗೆಯಲೇ ಇಲ್ಲ.

"ಇದೇ ಮಾವ!"

"ಯಾವ್ದೇ?"

"ಈ ಕೈ. ಬಡಿಸು ಅಂತ ಅಡುಗೆಮನೆಯಿಂದ ಅಪ್ಪಣೆಯಾಗಿದೆ. ದೊಡ್ಡತ್ತೆ ಸೌಟೂ ಎತ್ತಿದ್ದಾರೆ. ನಾನು ಕೈ ಅಡ್ಡ ಹಿಡಿದ್ರೆ ಸಾರು ಎಲೆಗೆ ಬೀಳಲ್ಲ. ಮೈಯೊಳಗೂ ಹಂಗೇ. ರೋಗದ ಜೀವಿ ಒಳಗೆ ಬಂದ ಕೂಡ್ಲೇ, ಅದನ್ನ ಹೊಡೆಯೋಕೆ ಏನೇನು ಬೇಕೋ ತಯಾರು ಮಾಡಿ ಅಂತ ಅಪ್ಪಣೆ ಹೊರಡುತ್ತೆ. ಮೈಕ್ರೋ ಆರ್‌ಎನ್‌ಎ ಅನ್ನೋದು ಒಂದು ಪುಟ್ಟ ಎಳೆ. ಅದು ಹೋಗಿ ಆ ಅಪ್ಪಣೆಗೆ ಅಂಟ್ಕೊಂಡು, ಸಾಕು ಅನ್ನುತ್ತೆ. ಅಂಥವು ನೂರಾರು ಇವೆ, ಒಂದೊಂದೂ ಒಂದೊಂದು ಅಡುಗೆಗೆ ಕೈ ಅಡ್ಡ ಹಿಡಿಯುತ್ತೆ. ಬೇಗ ಹಿಡಿದ್ರೆ ಮೈ ಉಪವಾಸ, ರೋಗದ್ದೇ ರಾಜ್ಯ. ಹಿಡೀದೇ ಇದ್ರೆ ಎಲೆ ತುಂಬಿ ನೆಲಕ್ಕೆಲ್ಲ ಚೆಲ್ಲುತ್ತೆ."

"ನಮ್ ಕರಿಯಂಗೆ ಚೆಲ್ತಾ ಐತೆ ಅಂತೀಯಾ?"

"ಹೌದು. ರೋಗ ಇರೋ ರಕ್ತಕಣ ಒಡೀಬೇಕಾದ್ದು, ರೋಗ ಇಲ್ಲದ ಕಣಾನೂ ಒಡೀತಿದೆ. ಹೊಡೆದಾಟ ಜೋರಾಯ್ತು, ನಿಲ್ತಿಲ್ಲ. ಅದಕ್ಕೇ ಒಸಡು ಬೆಳ್ಳಗಿರೋದು."

ದೊಡ್ಡ ತಮ್ಮನ ಕೈ ಮುದ್ದೆಯ ಮೇಲೇ ನಿಂತಿತು. "ಅಂದ್ರೆ ಅದರ ರಕ್ತ ಅದೇ ಕುಡೀತೈತೆ."

"ಹಂಗೇ ಅನ್ಕೋ."

"ಹಂಗಾದ್ರೆ ಕೆಂದನ ಮೈಯಾಗಿರೋ ಆ ಕೈನೇ ಸೂಜೀಲಿ ತೆಗ್ದು ಕರಿಯಂಗೆ ಕೊಡು."

ಮಗಳು ನಕ್ಕಳು. "ಅದು ಗೊತ್ತಿದ್ರೆ ನಾನ್ಯಾಕೆ ಇನ್ನೂ ಓದ್ಕೊಂಡು ಕೂತಿರ್ತಿದ್ದೆ ಮಾವ? ಕೆಂದನಲ್ಲಿ ಆ ಕೈ ಸರಿಯಾದ ಹೊತ್ತಿಗೆ ಬಂದಿರ್ಬೋದು ಅಂತ ನನ್ನ ಅನುಮಾನ. ಜ್ವರ ಬಂದ ನಾಯಿಗಳ ರಕ್ತದಲ್ಲಿ ಇವುಗಳ ಲೆಕ್ಕ ಏರುಪೇರಾಗಿರುತ್ತೆ, ಅದು ನಿಜ. ಆದ್ರೆ ಏರುಪೇರಾಗಿದ್ದಕ್ಕೆ ರೋಗ ಜೋರಾಯ್ತೋ, ರೋಗ ಜೋರಾಗಿದ್ದಕ್ಕೆ ಏರುಪೇರಾಯ್ತೋ ನಂಗಿನ್ನೂ ಗೊತ್ತಿಲ್ಲ. ಸದ್ಯಕ್ಕೆ ಆ ಕೆಲಸಾನ ಒರಟಾಗಿ ಮಾಡೋದು ಅಂದ್ರೆ ಈ ಬಿಳಿ ಮಾತ್ರೆ. ಇದಕ್ಕೆ ನಯ ನಾಜೂಕು ಇಲ್ಲ, ಎಲ್ಲ ಅಡುಗೆಗೂ ಒಟ್ಟಿಗೇ ಸಾಕು ಅಂದ್ಬಿಡುತ್ತೆ. ಅದಕ್ಕೇ ಡಾಕ್ಟ್ರು ಅಳತೆ ಮಾಡಿ ಕೊಡೋದು. ಆದ್ರೂ ಇವತ್ತು ಅದೇ ಬೇಕು."

ಓದಿದ ಮಗಳು ಗೊತ್ತಿಲ್ಲ ಎಂದದ್ದೇ ಅವನಿಗೆ ನಂಬಿಕೆ ತಂದಿತು ಎಂದು ನನಗೆ ಅನಿಸಿತು. ಎಲ್ಲ ಬಲ್ಲೆ ಎಂದವರ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದವನಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಮಾತ್ರೆಯನ್ನು ತಾನೇ ಒಡೆದು ತೆಗೆದ. ಕರಿಯ ಹಲ್ಲು ಕಚ್ಚಿ ಮುಖ ತಿರುಗಿಸಿತು. ಎಷ್ಟು ಹೆಣಗಿದರೂ ಬಾಯಿ ಬಿಡಿಸಲಾಗಲಿಲ್ಲ. ನೋಡುತ್ತಾ ನಿಂತಿದ್ದ ಚಿಕ್ಕವನು ಬಂದು ಹಿಂದಿನಿಂದ ತೊಡೆಗಳ ನಡುವೆ ನಾಯಿಯನ್ನು ಹಿಡಿದು, ದವಡೆಯ ಮೂಲೆಗೆ ಬೆರಳು ಹಾಕಿದ.

"ಹಾಕಣ್ಣ. ಒಳೀಕೆ, ನಾಲಿಗೆ ಹಿಂದಕ್ಕೆ. ಹಾಂ."

"ಕಚ್ಚೀತು ಕಣ್ಲಾ, ಬೆರಳು ತೆಗಿ."

"ಕಚ್ಚಕ್ಕೆ ಅದಕ್ಕೆಲ್ಲಿ ತ್ರಾಣ."

ಅವರಿಬ್ಬರ ನಡುವೆ ಬಹಳ ಕಾಲದ ಮೇಲೆ ನಾನು ಕೇಳಿದ ಜಗಳವಲ್ಲದ ಮಾತು ಅಷ್ಟು. ಮಾತ್ರೆ ಗಂಟಲಿಗಿಳಿಯಿತು. ಚಿಕ್ಕವನು ಬೆರಳು ಒರೆಸಿಕೊಂಡು ಮನೆಗೆ ಹೋದ. ದೊಡ್ಡವನು ಕೂರು ಎನ್ನಲಿಲ್ಲ. ಅವನ ನಾಲಿಗೆಯಿಂದ ಹೊರಟ ಆ ವಿಷದ ಮಾತು ಇನ್ನೂ ಹಿತ್ತಲಲ್ಲೇ ಇತ್ತು.

ಮಗಳು ಕಾಲೇಜಿಗೆ ಹೊರಟಳು, ನಾನು ಉಳಿದೆ. ಮಾತ್ರೆ ದಿನವೂ ಹೋಗುತ್ತಿತ್ತು. ಜ್ವರ ಬಿಟ್ಟಿತು. ಉಚ್ಚೆಯ ಬಣ್ಣ ತಿಳಿಯಾಯಿತು. ಒಸಡಿನ ಬಿಳುಪಿನಲ್ಲಿ ಒಂದು ಎಳೆ ಗುಲಾಬಿ ಕಂಡಂತಾಯಿತು. ಇಷ್ಟಾದರೂ ಕರಿಯ ಅನ್ನ ಮುಟ್ಟಲಿಲ್ಲ. ಗಂಜಿ, ಹಾಲು, ಮೊಟ್ಟೆ ಏನಿಟ್ಟರೂ ಮೂಗು ಆಚೆ. ತಿನ್ನದಿದ್ದರೆ ರಕ್ತ ತುಂಬುವುದು ಹೇಗೆ ಎಂದು ಡಾಕ್ಟರು ಫೋನಿನಲ್ಲಿ ಕೇಳಿದರು. ದೊಡ್ಡ ತಮ್ಮ ತಟ್ಟೆ ಹಿಡಿದು ಅದರ ಮುಂದೆ ಕೂತು, "ತಿನ್ನೋ ನನ್ನಪ್ಪಾ, ಒಂದ್ ತುತ್ತು" ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಅದು ಅವನ ಕೈ ನೆಕ್ಕುತ್ತಿತ್ತು, ತಟ್ಟೆ ನೆಕ್ಕುತ್ತಿರಲಿಲ್ಲ.

ನಾನು ಹೊರಡಬೇಕಿದ್ದ ದಿನ ಬೆಳಿಗ್ಗೆ ಹೀಗೇ ಕೂತಿದ್ದ. ಬೇಲಿಯಾಚೆ ಚಿಕ್ಕವನ ಹೆಂಡತಿ ಕೆಂದನಿಗೆ ಮುದ್ದೆ ಮಜ್ಜಿಗೆ ಕಲಸಿ ಹಾಕುತ್ತಿದ್ದಳು. ಅವಳ ಬಳೆಯ ಸದ್ದಿಗೆ ಕರಿಯ ಕಿವಿ ನಿಮಿರಿಸಿ, ಕತ್ತು ಎತ್ತಿ ಆ ಕಡೆ ನೋಡಿತು. ದೊಡ್ಡ ತಮ್ಮನೂ ನೋಡಿದ. ತಟ್ಟೆ ಹಿಡಿದುಕೊಂಡು ಎದ್ದ. ಬೇಲಿಯ ತನಕ ಹೋಗಿ ನಿಂತ. ಹೆಂಡತಿಯನ್ನು ಕೂಗಿ ಹೇಳಿಸಬಹುದಿತ್ತು. ನಾನೂ ಅಲ್ಲೇ ಇದ್ದೆ, ನನ್ನ ಕೈಲಿ ಹೇಳಿಸಬಹುದಿತ್ತು.

"ಬಾಮ್ಮಾ ಈ ಕಡೆ" ಎಂದ, ಅವಳಿಗೇ. "ನೀನೇ ಹಾಕು. ನಿನ್ ಕೈಲಾದ್ರೆ ತಿಂತೈತೆ."

ಅವಳು ಗಾಬರಿಯಾಗಿ ಸೆರಗು ಎಳೆದುಕೊಂಡಳು. ಒಮ್ಮೆ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಬೇಲಿ ಸುತ್ತಿ ಬರುವಷ್ಟು ತಾಳ್ಮೆ ಇಲ್ಲದೆ, ಮುಳ್ಳು ಸರಿಸಿಕೊಂಡು ಸಂದಿಯಲ್ಲೇ ನುಸುಳಿ ಬಂದಳು. ಭಾವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಅದರಲ್ಲಿದ್ದುದನ್ನು ಮೂಸಿ, "ಇದ್ಯಾರ್ ತಿಂತಾರೆ, ತಣ್ಣಗೆ ಕಲ್ಲಾಗೈತೆ" ಎಂದು ಗೊಣಗಿ, ತನ್ನ ಬಟ್ಟಲಿನ ಮಜ್ಜಿಗೆಯನ್ನು ಅದಕ್ಕೆ ಸುರಿದು ಬೆರಳಿನಿಂದ ಹಿಸುಕಿದಳು. ಕುಕ್ಕರುಗಾಲಲ್ಲಿ ಕೂತು ಬೆರಳನ್ನು ಕರಿಯನ ಮೂಗಿಗೆ ಹಿಡಿದಳು.

ಕರಿಯ ಬೆರಳು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಬಾಯನ್ನು ತಟ್ಟೆಗೇ ಇಟ್ಟಿತು.

ನಾಯಿ ನೀರುಮಜ್ಜಿಗೆ ಸೊರಸೊರ ಎಳೆಯುವ ಸದ್ದೊಂದೇ. ದೊಡ್ಡ ತಮ್ಮ ನನ್ನ ಕಡೆ ತಿರುಗಿ, "ಬಸ್ಸಿಗೆ ಹೊತ್ತಾಯ್ತು ಅಂತಿದ್ದೆಯಲ್ಲಕ್ಕಾ, ಇನ್ನೂ ಇಲ್ಲೇ ನಿಂತಿದ್ದೀಯ? ನಡಿ ನಡಿ" ಎಂದು ನನ್ನ ಮೇಲೆ ರೇಗಿದ.